ಸ್ಥಳೀಯ ಸಂಸ್ಥೆಯಲ್ಲಿ ಪರಿಸರದ ಕೆಲಸ ಮಾಡಬೇಕೆಂದಿರುವ ಪದವೀಧರೆಗೆ ದಾರಿ ಯಾವುದು?

ಹಿರಿಯಡ್ಕದ ಪದವೀಧರೆ

ಎಲ್ಲರಿಗೂ ನಮಸ್ಕಾರ. ಈ ವರ್ಷ ಉಡುಪಿಯ ಕಾಲೇಜೊಂದರಲ್ಲಿ ಬಿ.ಎಸ್ಸಿ. ಮುಗಿಸಿದ್ದೇನೆ. ರಸಾಯನಶಾಸ್ತ್ರ ಮತ್ತು ಸಸ್ಯಶಾಸ್ತ್ರ ನನ್ನ ವಿಷಯಗಳು. ಕೊನೆಯ ವರ್ಷದಲ್ಲಿ ನಾವು ಕೆಲವರು ಸೇರಿ ಇಂದ್ರಾಣಿ ತೋಡಿನ ನೀರನ್ನು ಬೇರೆ ಬೇರೆ ಕಡೆ ಸಂಗ್ರಹಿಸಿ ಪರೀಕ್ಷಿಸಿದ್ದೆವು. ನೀರಿನಲ್ಲಿ ಏನು ಸೇರಿದೆ ಎಂದು ಅಳೆಯುವವರು ನಮ್ಮಲ್ಲಿ ಸಾಕಷ್ಟಿದ್ದಾರೆ. ಅದು ಸೇರದಂತೆ ತಡೆಯುವ ಅಧಿಕಾರ, ಹಣ ಮತ್ತು ಸಿಬ್ಬಂದಿ ಇರುವುದು ನಗರಸಭೆ, ಪಂಚಾಯತ್‌ಗಳ ಬಳಿ ಎಂಬುದು ಆಗ ಮನವರಿಕೆಯಾಯಿತು. ಅಲ್ಲಿಯೇ ಕೆಲಸ ಮಾಡಬೇಕೆಂಬುದು ನನ್ನ ಆಸೆ.

ಕಸ, ಕುಡಿಯುವ ನೀರು, ಒಳಚರಂಡಿ, ಹವಾಮಾನ ಬದಲಾವಣೆ ಇವುಗಳನ್ನೆಲ್ಲ ಒಟ್ಟಾಗಿ ನೋಡಿಕೊಳ್ಳುವ ಸುಸ್ಥಿರತಾ ಅಧಿಕಾರಿಗಳು ಹೊರದೇಶಗಳ ನಗರಾಡಳಿತಗಳಲ್ಲಿ ಇರುತ್ತಾರೆಂದು ಓದಿದ್ದೇನೆ. ನಮ್ಮ ಮಂಗಳೂರು ಪಾಲಿಕೆಯಲ್ಲಾಗಲಿ ಉಡುಪಿ ನಗರಸಭೆಯಲ್ಲಾಗಲಿ ಅಂಥ ಕೆಲಸಕ್ಕೆ ಸೇರುವುದು ಹೇಗೆ? ಯಾವ ಪರೀಕ್ಷೆ ಬರೆಯಬೇಕು? ಎಂ.ಎಸ್ಸಿ. ಮಾಡಿದರೆ ಉಪಯೋಗವಿದೆಯೇ? ಮನೆಯಲ್ಲಿ ಬಿ.ಎಡ್. ಮಾಡು, ಇಲ್ಲವೇ ಬ್ಯಾಂಕ್ ಪರೀಕ್ಷೆ ಬರೆ ಎನ್ನುತ್ತಾರೆ. ಬೆಂಗಳೂರಿಗೆ ಹೋದ ಗೆಳತಿಯರು ಕಂಪೆನಿಗಳ ಪರಿಸರ ವರದಿ ತಯಾರಿಸುವ ಕೆಲಸಕ್ಕೆ ಕರೆಯುತ್ತಿದ್ದಾರೆ. ಒಳಗಿನ ಅನುಭವವಿರುವವರು ದಯವಿಟ್ಟು ತಿಳಿಸಿ.

ನಿವೃತ್ತ ಆರೋಗ್ಯ ನಿರೀಕ್ಷಕ

ನನ್ನ ಮಗಳ ವಯಸ್ಸಿನವರಾದ್ದರಿಂದ ಸಲುಗೆಯಿಂದ, ನೇರವಾಗಿ ಹೇಳುತ್ತೇನೆ. ನೀವು ಕೇಳುವ ಹೆಸರಿನ ಹುದ್ದೆಯನ್ನು ಹುಡುಕಿದರೆ ನಮ್ಮ ಸ್ಥಳೀಯ ಸಂಸ್ಥೆಗಳಲ್ಲಿ ಸಿಗುವುದಿಲ್ಲ. ಆದರೆ ಆ ಕೆಲಸ ಇದೆ. ಕಸ ಆರೋಗ್ಯ ವಿಭಾಗದಲ್ಲಿದೆ, ಕುಡಿಯುವ ನೀರು ಮತ್ತು ಒಳಚರಂಡಿ ಎಂಜಿನಿಯರಿಂಗ್ ವಿಭಾಗದಲ್ಲಿವೆ, ಕಟ್ಟಡ ಪರವಾನಗಿಯೊಂದಿಗೆ ಬರುವ ಮಳೆನೀರು ಕೊಯ್ಲಿನ ಷರತ್ತು ನಗರ ಯೋಜನೆಯವರ ಕೈಯಲ್ಲಿದೆ. 1992ರ 74ನೇ ತಿದ್ದುಪಡಿಯೊಂದಿಗೆ ಸಂವಿಧಾನಕ್ಕೆ ಸೇರಿದ 12ನೇ ಅನುಸೂಚಿಯಲ್ಲಿ ನಗರ ಸ್ಥಳೀಯ ಸಂಸ್ಥೆಗಳಿಗೆ 18 ವಿಷಯಗಳಿವೆ. ಘನತ್ಯಾಜ್ಯ ನಿರ್ವಹಣೆಯೂ ನಗರ ಅರಣ್ಯ ಮತ್ತು ಪರಿಸರ ಸಂರಕ್ಷಣೆಯೂ ಅದರೊಳಗೇ ಬರುತ್ತವೆ.

ಹುದ್ದೆಗಳ ವಿಚಾರಕ್ಕೆ ಬಂದರೆ, ಪಾಲಿಕೆ ಮತ್ತು ನಗರಸಭೆಗಳಲ್ಲಿ ಪರಿಸರ ಅಭಿಯಂತರರಿದ್ದಾರೆ. ಅವರ ಜೊತೆಗೆ ಹಿರಿಯ ಮತ್ತು ಕಿರಿಯ ಆರೋಗ್ಯ ನಿರೀಕ್ಷಕರಿದ್ದಾರೆ, ಸಮುದಾಯ ಸಂಘಟನಾಧಿಕಾರಿಗಳಿದ್ದಾರೆ. ಪುರಸಭೆ ಮತ್ತು ಪಟ್ಟಣ ಪಂಚಾಯತ್‌ಗಳಲ್ಲಿ ಮುಖ್ಯಾಧಿಕಾರಿಯೇ ಎಲ್ಲದಕ್ಕೂ ಹೊಣೆ. ಬೆಳಗಿನ ಜಾವ ಪೌರಕಾರ್ಮಿಕರ ಹಾಜರಾತಿಯಿಂದ ಹಿಡಿದು ವಿಂಗಡಿಸದ ಕಸ ಕೊಟ್ಟ ಹೋಟೆಲಿಗೆ ದಂಡ ಹಾಕುವವರೆಗೆ ಆರೋಗ್ಯ ನಿರೀಕ್ಷಕನ ದಿನ ಬೀದಿಯಲ್ಲೇ ಕಳೆಯುತ್ತದೆ. ನೀವು ಓದಿದ ಸುಸ್ಥಿರತೆ ನಿಜವಾಗಿ ನಡೆಯುವುದು ಅಥವಾ ಸೋಲುವುದು ಅಲ್ಲಿ.

2019ರ ಆಗಸ್ಟ್ ತಿಂಗಳ ಮಳೆಯಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ರಾಶಿ ಕುಸಿದು ಪಕ್ಕದ ಮಂದಾರ ಎಂಬಲ್ಲಿಯ ಮನೆ, ಅಡಿಕೆ ಮತ್ತು ತೆಂಗಿನ ತೋಟಗಳ ಮೇಲೆ ಹರಿದದ್ದು ನಿಮಗೆ ನೆನಪಿರಬಹುದು. ಮೂಲದಲ್ಲೇ ಕಸ ವಿಂಗಡಿಸಬೇಕೆಂಬ ನಿಯಮ 2016ರಲ್ಲೇ ಬಂದಿತ್ತು. ನಿಯಮ ಇದ್ದೂ ಬೆರಕೆ ಕಸ ವರ್ಷಗಟ್ಟಲೆ ಒಂದೇ ಕಡೆ ಬಿದ್ದದ್ದರ ಫಲ ಅದು. ಇಂಥ ಕಡೆಗೆ ಓದಿದವರು, ಅದರಲ್ಲೂ ನೀರನ್ನು ಪರೀಕ್ಷಿಸಿ ಗೊತ್ತಿರುವವರು ಬರಲೇಬೇಕು.

ಬ್ರಹ್ಮಾವರದ ಅಂಚೆ

ಮೊದಲು ಬ್ಯಾಂಕ್ ಪರೀಕ್ಷೆ ಬರೆದು ಸಂಬಳ ಗಟ್ಟಿ ಮಾಡಿಕೊಳ್ಳಿ, ಪರಿಸರ ಸೇವೆಯನ್ನು ಭಾನುವಾರ ಮಾಡಬಹುದು.

ಬಿಜೈ ನಿವಾಸಿ

ಅಂಚೆಯವರೇ, ನಿಮ್ಮ ಮಾತನ್ನು ಒಪ್ಪಲು ಸಾಧ್ಯವಿಲ್ಲ. ಭಾನುವಾರದ ಸ್ವಯಂಸೇವೆಗೆ ನಮ್ಮೂರಿನಲ್ಲಿ ಕೊರತೆಯಿಲ್ಲ; ಮಂಗಳೂರಿನ ರಾಮಕೃಷ್ಣ ಮಠದವರ ಸ್ವಚ್ಛತಾ ಅಭಿಯಾನಕ್ಕೆ ಎಷ್ಟು ಜನ ಬರುತ್ತಿದ್ದರೆಂದು ನಾವು ನೋಡಿದ್ದೇವೆ. ಸೋಮವಾರ ಬೆಳಿಗ್ಗೆ ಕಡತದ ಮೇಲೆ ಸಹಿ ಹಾಕುವ ಜಾಗದಲ್ಲಿ ವಿಷಯ ಬಲ್ಲವರಿಲ್ಲದಿರುವುದೇ ತೊಂದರೆ. ಆ ಜಾಗಕ್ಕೆ ಹೋಗಬೇಕೆಂದಿರುವವರನ್ನು ತಡೆಯಬೇಡಿ.

ಸುರತ್ಕಲ್ ಎಂ.ಟೆಕ್.

ನಿರೀಕ್ಷಕರ ಮಾತಿಗೆ ಎರಡು ಸೇರ್ಪಡೆ ಬೇಕಾಗುತ್ತದೆ, ಇಲ್ಲವಾದರೆ ಪ್ರಶ್ನೆ ಕೇಳಿದವರು ತಪ್ಪು ನಿರೀಕ್ಷೆ ಇಟ್ಟುಕೊಳ್ಳಬಹುದು. ಪರಿಸರ ಅಭಿಯಂತರ ಹುದ್ದೆಗೆ ಎಂಜಿನಿಯರಿಂಗ್ ಪದವಿ ಬೇಕು. ಬಿ.ಎಸ್ಸಿ.ಯ ಮೇಲೆ ಎಷ್ಟೇ ಒಳ್ಳೆಯ ಎಂ.ಎಸ್ಸಿ. ಮಾಡಿದರೂ ಆ ಬಾಗಿಲು ತೆರೆಯುವುದಿಲ್ಲ. ಕಿರಿಯ ಆರೋಗ್ಯ ನಿರೀಕ್ಷಕರ ಹುದ್ದೆಗೆ ಕೇಳುವುದು ಆರೋಗ್ಯ ನಿರೀಕ್ಷಕರ ಡಿಪ್ಲೊಮಾ. ಅಲ್ಲಿ ಪದವಿಯೊಂದೇ ಸಾಲದು. ಬಿ.ಎಸ್ಸಿ. ಮಾಡಿದವರು ಮೊದಲು ತಿಳಿಯಬೇಕಾದದ್ದು ಇದು, ಏಕೆಂದರೆ ಅರ್ಹತೆ ಸರಿಯಾಗಿ ನೋಡದೆ ಎರಡು ವರ್ಷ ಓದಿ ಕೊನೆಗೆ ಅರ್ಜಿ ಹಾಕಲಾಗದೆ ಕುಳಿತವರನ್ನು ನಾನು ಬಲ್ಲೆ.

ರಸಾಯನಶಾಸ್ತ್ರ ಓದಿದವರಿಗೆ ಹೆಚ್ಚು ಹೊಂದುವುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಯೋಗಾಲಯದ ಕಡೆಯ ಹುದ್ದೆಗಳು. ಮಂಡಳಿಗೆ ಮಂಗಳೂರಿನಲ್ಲೂ ಉಡುಪಿ ಜಿಲ್ಲೆಯಲ್ಲೂ ಪ್ರಾದೇಶಿಕ ಕಚೇರಿಗಳಿವೆ. ಅಧಿಸೂಚನೆ ಬಂದಾಗ ಅರ್ಹತೆಯ ಪುಟವನ್ನೇ ಮೊದಲು ಓದಿ.

ನಿವೃತ್ತ ಆರೋಗ್ಯ ನಿರೀಕ್ಷಕ

ಡಿಪ್ಲೊಮಾದ ಮಾತು ಸರಿ. ಆದರೆ ಮಾಲಿನ್ಯ ನಿಯಂತ್ರಣ ಮಂಡಳಿ ಸ್ಥಳೀಯ ಸಂಸ್ಥೆಯಲ್ಲ ಎಂಬುದನ್ನೂ ಹೇಳಬೇಕು. ಮಂಡಳಿಯವರು ನೀರು ಪರೀಕ್ಷಿಸಿ ನಗರಸಭೆಗೆ ನೋಟಿಸ್ ಕೊಡುತ್ತಾರೆ. ನೋಟಿಸ್ ಬಂದ ಮೇಲೆ ಕೊಳವೆ ಸರಿಪಡಿಸಬೇಕಾದವರು ನಗರಸಭೆಯವರು. ಇವರ ಆಸೆ ಎರಡನೆಯದು.

ಸುರತ್ಕಲ್ ಎಂ.ಟೆಕ್.

ನೋಟಿಸ್ ಇಲ್ಲದಿದ್ದರೆ ಎಷ್ಟು ಕೊಳವೆಗಳು ಸರಿಯಾಗುತ್ತಿದ್ದವು, ಸರ್? ಹೊರಗಿನಿಂದ ಒತ್ತಡ ಹಾಕುವ ಕೆಲಸವನ್ನು ಕಡಿಮೆಯೆಂದು ಭಾವಿಸಬಾರದು. ಪಚ್ಚನಾಡಿಯ ವಿಷಯವೂ ಹೈಕೋರ್ಟಿನವರೆಗೆ ಹೋಗಬೇಕಾಯಿತು.

ಕಾರ್ಕಳ ಕಡೆಯ ಪಿಡಿಒ

ಇಷ್ಟು ಹೊತ್ತು ಎಲ್ಲರೂ ಪಾಲಿಕೆ, ನಗರಸಭೆ ಎನ್ನುತ್ತಿದ್ದೀರಿ. ಸ್ಥಳೀಯ ಸರ್ಕಾರವೆಂದರೆ ಗ್ರಾಮ ಪಂಚಾಯತ್ ಕೂಡ ಹೌದು. ಯಾವುದೇ ಪದವಿ ಪಡೆದವರಿಗೆ ಅತಿ ಅಗಲವಾಗಿ ತೆರೆದಿರುವ ಬಾಗಿಲು ಪಂಚಾಯತ್ ಅಭಿವೃದ್ಧಿ ಅಧಿಕಾರಿಯ (ಪಿಡಿಒ) ಹುದ್ದೆಯೇ. ಕರ್ನಾಟಕ ಲೋಕಸೇವಾ ಆಯೋಗ 2024ರಲ್ಲಿ ಪಿಡಿಒ ನೇಮಕಾತಿಗೆ ಅಧಿಸೂಚನೆ ಹೊರಡಿಸಿತ್ತು. ಸಾಮಾನ್ಯ ಜ್ಞಾನದ ಜೊತೆಗೆ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವ್ಯವಸ್ಥೆಯ ಮೇಲೆ ಪ್ರಶ್ನೆಗಳಿರುತ್ತವೆ. ಮುಂದಿನ ಅಧಿಸೂಚನೆ ಯಾವಾಗ ಬಂದರೂ ಸಿದ್ಧರಿರುವಂತೆ 1993ರ ಪಂಚಾಯತ್ ರಾಜ್ ಅಧಿನಿಯಮವನ್ನು ಈಗಿನಿಂದಲೇ ಓದಲು ಆರಂಭಿಸಿ.

ನಮ್ಮ ಕೈಯಲ್ಲಿ ಏನಿದೆ ಎಂದು ಕೇಳಬಹುದು. 2021ರಿಂದ 2026ರವರೆಗಿನ 15ನೇ ಹಣಕಾಸು ಆಯೋಗದ ಶಿಫಾರಸಿನಂತೆ ಗ್ರಾಮೀಣ ಸ್ಥಳೀಯ ಸಂಸ್ಥೆಗಳ ಅನುದಾನದಲ್ಲಿ ಶೇ. 60 ಭಾಗವನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆಂದೇ ಕಟ್ಟಿಡಲಾಯಿತು; ಅದನ್ನು ರಸ್ತೆಗೆ ತಿರುಗಿಸಲು ಬರುತ್ತಿರಲಿಲ್ಲ. ಇಂಥ ಹಣವನ್ನು ಯಾವುದಕ್ಕೆ ಬಳಸಬೇಕೆಂಬ ಯೋಜನೆ ಗ್ರಾಮಸಭೆಯ ಮುಂದೆ ಬರುತ್ತದೆ, ಅದನ್ನು ತಯಾರಿಸುವುದರಲ್ಲಿ ಪಿಡಿಒನ ಪಾತ್ರ ದೊಡ್ಡದು. ವಿಜ್ಞಾನ ಓದಿದ ಪಿಡಿಒ ಒಬ್ಬರಿದ್ದರೆ, ಬಾವಿಗೂ ಶೌಚದ ಗುಂಡಿಗೂ ಇರಬೇಕಾದ ಅಂತರದ ಬಗ್ಗೆ, ಮುರಕಲ್ಲಿನ (ಜಂಬಿಟ್ಟಿಗೆಯ) ನೆಲದಲ್ಲಿ ಕೊಳಚೆ ಎಷ್ಟು ಬೇಗ ಇಳಿಯುತ್ತದೆಂಬುದರ ಬಗ್ಗೆ ಜನರಿಗೆ ಅರ್ಥವಾಗುವಂತೆ ಹೇಳಬಲ್ಲರು. ಮನೆಮನೆಗೂ ತೆರೆದ ಬಾವಿಯಿರುವ ನಮ್ಮ ಜಿಲ್ಲೆಗಳಲ್ಲಿ ಇದಕ್ಕಿಂತ ಮುಖ್ಯ ಪರಿಸರ ಕೆಲಸ ನನಗಂತೂ ಕಾಣುವುದಿಲ್ಲ.

ಕುಂದಾಪುರ ಕಡೆಯ ವಂಡ್ಸೆ ಗ್ರಾಮ ಪಂಚಾಯತ್ ಘನ ಮತ್ತು ದ್ರವ ಸಂಪನ್ಮೂಲ ನಿರ್ವಹಣಾ ಘಟಕ ನಡೆಸಿ ರಾಜ್ಯಕ್ಕೇ ಹೆಸರಾಯಿತು. ನಮ್ಮ ನಿಟ್ಟೆಯಲ್ಲಿ ದಿನಕ್ಕೆ 10 ಟನ್ ಸಾಮರ್ಥ್ಯದ ಒಣಕಸ ನಿರ್ವಹಣಾ ಘಟಕವಿದೆ. ಸುತ್ತಲಿನ ಅನೇಕ ಪಂಚಾಯತ್‌ಗಳ ಒಣಕಸ ಅಲ್ಲಿಗೆ ಬಂದು ವಿಂಗಡಣೆಯಾಗುತ್ತದೆ. ದಕ್ಷಿಣ ಕನ್ನಡದಲ್ಲಿ ತೆಂಕ ಎಡಪದವಿನಲ್ಲೂ ಅಂಥ ಘಟಕವಿದೆ. ಪದವೀಧರೆಯವರೇ, ಹಿರಿಯಡ್ಕದಿಂದ ನಿಟ್ಟೆ ದೂರವೇನಲ್ಲ. ಅನುಮತಿ ಪಡೆದು ಹೋಗಿ ನೋಡಿ. ಮಾರಾಟಕ್ಕೆ ಬರುವ ಪ್ಲಾಸ್ಟಿಕ್ ಯಾವುದು, ಯಾರಿಗೂ ಬೇಡವಾದ ಬಹುಪದರದ ಕವರುಗಳು ಯಾಕೆ ಉಳಿಯುತ್ತವೆ, ಅವನ್ನು ಸಿಮೆಂಟ್ ಕಾರ್ಖಾನೆಗಳಿಗೆ ಉರುವಲಾಗಿ ಕಳುಹಿಸುವ ಸಾಗಣೆಯ ವೆಚ್ಚ ಯಾರು ಭರಿಸಬೇಕು ಎಂದು ಕೇಳಿ ತಿಳಿಯಿರಿ.

ಬೈಂದೂರಿನ ಮಾಜಿ ಸದಸ್ಯ

ಪಿಡಿಒ ಅವರ ಉತ್ಸಾಹಕ್ಕೆ ಗೌರವವಿದೆ. ಆದರೆ ನಾನು ಪಂಚಾಯತ್ ಸದಸ್ಯನಾಗಿ ಕಂಡದ್ದನ್ನೂ ಹೇಳಬೇಕಲ್ಲ. ಪಿಡಿಒನ ಬಹುಪಾಲು ಸಮಯ ಆಸ್ತಿಗಳ ನಮೂನೆ 9/11 ದಾಖಲೆ, ಮಾಹಿತಿ ಹಕ್ಕಿನ ಅರ್ಜಿ, ಉದ್ಯೋಗ ಖಾತರಿಯ ಬಿಲ್ಲು, ತೆರಿಗೆ ವಸೂಲಿ, ವಿಡಿಯೋ ಸಭೆ ಇವುಗಳಲ್ಲೇ ಮುಗಿಯುತ್ತದೆ. ಒಬ್ಬರಿಗೆ ಎರಡು ಪಂಚಾಯತ್‌ಗಳ ಹೊಣೆ ಕೊಟ್ಟಾಗ ಕಸದ ಘಟಕದ ಕಡೆ ತಲೆ ಹಾಕಲೂ ಆಗುವುದಿಲ್ಲ. ಪರಿಸರದ ಕೆಲಸಕ್ಕೆಂದು ಸೇರಿದವರು ಜಾಗದ ತಕರಾರು ಬಿಡಿಸುತ್ತಾ ಕುಳಿತರೆ ಎರಡು ವರ್ಷದಲ್ಲಿ ಮನಸ್ಸು ಮುರಿದೀತು.

ಕಾರ್ಕಳ ಕಡೆಯ ಪಿಡಿಒ

ನೀವು ಹೇಳಿದ ಹೊರೆ ಸುಳ್ಳಲ್ಲ, ಅದನ್ನು ನಾನು ದಿನವೂ ಹೊರುತ್ತಿದ್ದೇನೆ. ಆದರೂ ಒಣಕಸದ ವಾಹನ ವಾರಕ್ಕೆ ಎಷ್ಟು ಬಾರಿ ಹೋಗಬೇಕು, ಮದುವೆ ಮಂಟಪಕ್ಕೆ ಪರವಾನಗಿ ನವೀಕರಿಸುವಾಗ ಯಾವ ಷರತ್ತು ಹಾಕಬೇಕು, ಅಂಗಡಿಗಳ ಕಸದ ಶುಲ್ಕ ಎಷ್ಟಿರಬೇಕು ಎಂಬ ಟಿಪ್ಪಣಿಯನ್ನು ಸಭೆಯ ಮುಂದಿಡುವವರು ನಾವೇ. ಆ ಒಂದು ಪುಟವನ್ನು ಸರಿಯಾಗಿ ಬರೆದರೆ ಇಡೀ ಗ್ರಾಮದ ವ್ಯವಸ್ಥೆ ಬದಲಾಗುತ್ತದೆ. ಸದಸ್ಯರು ಒಪ್ಪಬೇಕು, ಅದಕ್ಕೆ ಅವರೊಂದಿಗೆ ಕೂತು ಮಾತನಾಡುವ ತಾಳ್ಮೆ ಬೇಕು. 9/11 ಕಡತ ಮುಗಿದ ಮೇಲೆ ಸಿಗುವ ಸಮಯ ಕಡಿಮೆಯಾದರೂ ಅದರಿಂದಾಗುವ ಕೆಲಸ ಕಡಿಮೆಯಲ್ಲ.

ಬೈಂದೂರಿನ ಮಾಜಿ ಸದಸ್ಯ

ಸದಸ್ಯರು ಒಪ್ಪುವುದಿಲ್ಲ ಎಂಬ ದೂರು ಎಲ್ಲ ಅಧಿಕಾರಿಗಳದ್ದೂ ಇರುತ್ತದೆ. ಕಸದ ಘಟಕಕ್ಕೆ ಜಾಗ ಗುರುತಿಸುವಾಗ ಅಕ್ಕಪಕ್ಕದ ಮನೆಯವರನ್ನು ಮೊದಲೇ ಕರೆದು ಮಾತನಾಡಿದ ಅಧಿಕಾರಿಗಳು ಎಷ್ಟು ಮಂದಿ? ನಮ್ಮಲ್ಲಿ ವಿರೋಧ ಹುಟ್ಟಿದ್ದು ಅಲ್ಲಿಂದಲೇ.

ಕಾರ್ಕಳ ಕಡೆಯ ಪಿಡಿಒ

ಈ ಮಾತನ್ನು ಪೂರ್ತಿ ಒಪ್ಪುತ್ತೇನೆ.

ಗುತ್ತಿಗೆಯಲ್ಲಿದ್ದವಳು

ಯಾರೂ ಹೇಳದ ಇನ್ನೊಂದು ದಾರಿಯ ಬಗ್ಗೆ ಬರೆಯುತ್ತೇನೆ, ಏಕೆಂದರೆ ಹೊಸದಾಗಿ ಪದವಿ ಮುಗಿಸಿದವರಿಗೆ ಮೊದಲು ಸಿಗುವುದು ಅದೇ. ಸ್ವಚ್ಛ ಭಾರತ ಯೋಜನೆಯಡಿ ಜಿಲ್ಲಾ ಮಟ್ಟದಲ್ಲಿ ಸಮಾಲೋಚಕರನ್ನು ಗುತ್ತಿಗೆಯ ಮೇಲೆ ತೆಗೆದುಕೊಳ್ಳುತ್ತಾರೆ: ಘನ ಮತ್ತು ದ್ರವ ತ್ಯಾಜ್ಯಕ್ಕೆ ಒಬ್ಬರು, ಜನಜಾಗೃತಿಗೆ ಒಬ್ಬರು ಎಂಬಂತೆ. ನಗರ ಸ್ಥಳೀಯ ಸಂಸ್ಥೆಗಳಲ್ಲೂ ಹೊರಗುತ್ತಿಗೆಯ ಕೆಲಸಗಳಿರುತ್ತವೆ. ನಾನು ಅಂಥದೊಂದು ಹುದ್ದೆಯಲ್ಲಿದ್ದೆ. ಕಲಿತದ್ದು ಬಹಳ. ಯೋಜನಾ ವರದಿ ಓದುವುದು, ಟೆಂಡರ್ ಷರತ್ತು ಅರ್ಥ ಮಾಡಿಕೊಳ್ಳುವುದು, ತೂಕದ ಪುಸ್ತಕದಲ್ಲಿ ಬರೆದದ್ದಕ್ಕೂ ಘಟಕಕ್ಕೆ ನಿಜವಾಗಿ ಬಂದದ್ದಕ್ಕೂ ತಾಳೆ ನೋಡುವುದು, ಇವೆಲ್ಲ ಯಾವ ತರಗತಿಯಲ್ಲೂ ಸಿಗದ ವಿದ್ಯೆ.

ಆದರೆ ಸಂಬಳ ತಿಂಗಳುಗಟ್ಟಲೆ ತಡವಾಗುತ್ತಿತ್ತು. ನಡುವಿನ ಏಜೆನ್ಸಿಯವರು ಭವಿಷ್ಯನಿಧಿಯ ಲೆಕ್ಕ ಕೇಳಿದರೆ ಉತ್ತರಿಸುತ್ತಿರಲಿಲ್ಲ. ಯೋಜನೆಯ ಅವಧಿ ಮುಗಿದಾಗ ಒಂದು ಸುತ್ತೋಲೆಯೊಂದಿಗೆ ನನ್ನ ಕೆಲಸವೂ ಮುಗಿಯಿತು. ಹಾಗಾಗಿ ತಂಗಿಗೆ ನನ್ನ ಸಲಹೆ ಇಷ್ಟೇ: ಗುತ್ತಿಗೆ ಕೆಲಸಕ್ಕೆ ಸೇರಿದರೂ ಪರೀಕ್ಷೆಯ ಓದನ್ನು ನಿಲ್ಲಿಸಬೇಡಿ. ಗುತ್ತಿಗೆಯೇ ಮುಂದೆ ಕಾಯಂ ಆಗುತ್ತದೆ ಎಂಬ ಭರವಸೆಯ ಮಾತನ್ನು ಯಾರು ಹೇಳಿದರೂ ನಂಬಬೇಡಿ. ನೇಮಕಾತಿ ಪತ್ರ, ಸಂಬಳದ ಚೀಟಿ, ಅನುಭವ ಪ್ರಮಾಣಪತ್ರಗಳನ್ನು ಕೇಳಿ ಪಡೆದು ಜೋಪಾನವಾಗಿ ಇಟ್ಟುಕೊಳ್ಳಿ.

ಉಳ್ಳಾಲದ ಓದುಗ

ಎಲ್ಲರೂ ಕಸದ ಬಗ್ಗೆಯೇ ಮಾತನಾಡುತ್ತಿದ್ದೀರಿ. ನಮ್ಮ ಕಡೆ ಪ್ರತಿ ಮಳೆಗಾಲ ಕಡಲ್ಕೊರೆತದಿಂದ ಮನೆ ಕಳೆದುಕೊಳ್ಳುವವರಿದ್ದಾರೆ. ಹವಾಮಾನದ ಕೆಲಸವೆಂದರೆ ಅದಲ್ಲವೇ? ನಗರಸಭೆಯಲ್ಲಿ ಅದಕ್ಕೊಬ್ಬ ತಜ್ಞರು ಬೇಕು.

ಸುರತ್ಕಲ್ ಎಂ.ಟೆಕ್.

ನಿಮ್ಮ ಕಳವಳ ನ್ಯಾಯವಾದದ್ದು, ಆದರೆ ಕಡಲಿಗೆ ತಡೆಗೋಡೆ ಹಾಕುವ ಕೆಲಸ ನಗರಸಭೆಯ ಕೈಯಲ್ಲಿಲ್ಲ. ಅದನ್ನು ನೋಡಿಕೊಳ್ಳುವುದು ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆ. ದಡದಲ್ಲಿ ಕಟ್ಟಡ ಕಟ್ಟುವ ವಿಚಾರ 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಗೆ ಒಳಪಟ್ಟಿದೆ. ಅದರ ಅರ್ಜಿಗಳನ್ನು ಪರಿಸರ ಇಲಾಖೆಯ ಪ್ರಾದೇಶಿಕ ನಿರ್ದೇಶಕರ ಕಚೇರಿ ನೋಡುತ್ತದೆ. ಸ್ಥಳೀಯ ಸಂಸ್ಥೆಗೆ ಉಳಿಯುವುದು ಪರವಾನಗಿ ಕೊಡುವಾಗ ಆ ನಿಯಮ ಪಾಲಿಸುವುದು, ತೋಡು ಮತ್ತು ರಾಜಕಾಲುವೆಗಳನ್ನು ಮಳೆಗೆ ಮೊದಲು ತೆರವುಗೊಳಿಸುವುದು, ನೆರೆ ಬಂದಾಗ ಜನರಿಗೆ ಆಶ್ರಯ ಒದಗಿಸುವುದು. ಇದೂ ಸಣ್ಣ ಕೆಲಸವಲ್ಲ.

ಬಿಜೈ ನಿವಾಸಿ

ಹವಾಮಾನವೆಂದರೆ ನನಗೆ ಮೊದಲು ನೆನಪಾಗುವುದು ನೀರು. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿಯುವ ಕರಾವಳಿಯಲ್ಲಿ 2019ರ ಬೇಸಿಗೆಯಲ್ಲಿ ಮಂಗಳೂರಿಗೆ ನೀರಿನ ರೇಷನಿಂಗ್ ಮಾಡಬೇಕಾಯಿತು. 2023ರಲ್ಲೂ ಅದೇ ಸ್ಥಿತಿ ಬಂತು. ನಗರ ಪೂರ್ತಿ ತುಂಬೆಯ ಕಿಂಡಿ ಅಣೆಕಟ್ಟನ್ನು ನೆಚ್ಚಿದೆ. ಉಡುಪಿಯವರು ಸ್ವರ್ಣಾ ನದಿಯ ಬಜೆ ಅಣೆಕಟ್ಟನ್ನು ನೆಚ್ಚಿದ್ದಾರೆ. ನೇತ್ರಾವತಿಯಲ್ಲಿ ಒಳಹರಿವು ಎಂದಿಗೆ ನಿಂತೀತು, ಕೊಳವೆಗಳ ಸೋರಿಕೆ ಎಷ್ಟು, ಯಾವ ವಾರ್ಡಿನ ಬಾವಿಗಳನ್ನು ಶುದ್ಧಪಡಿಸಿ ಬಳಸಬಹುದು ಎಂಬ ಲೆಕ್ಕವನ್ನು ಜನವರಿಯಲ್ಲೇ ಮಾಡುವವರು ಬೇಕು. ಇದು ರಸಾಯನಶಾಸ್ತ್ರದ ವಿದ್ಯಾರ್ಥಿಗೆ ಹೇಳಿ ಮಾಡಿಸಿದ ಕೆಲಸ.

ಪಡುಬಿದ್ರಿ ತೀರ

ಸ್ವಚ್ಛ ಕಡಲತೀರಗಳಿಗೆ ಸಿಗುವ ಅಂತರರಾಷ್ಟ್ರೀಯ ಮಾನ್ಯತೆಯಾದ ಬ್ಲೂ ಫ್ಲ್ಯಾಗ್ ಪಡೆದ ಬೀಚ್ ಕೂಡ ಇದೆ, ಮರೆಯಬೇಡಿ. 2020ರಲ್ಲಿ ಪಡುಬಿದ್ರಿಗೆ ಆ ಮಾನ್ಯತೆ ಬಂತು. 33 ಮಾನದಂಡಗಳಲ್ಲಿ ನೀರಿನ ಗುಣಮಟ್ಟದ ನಿಯಮಿತ ಪರೀಕ್ಷೆಯೂ ಸೇರಿದೆ.

ವಾಮಂಜೂರಿನ ಎಂಎಸ್‌ಡಬ್ಲ್ಯೂ

ಪದವೀಧರೆಯವರೇ, ಮುಂದಿನ ಓದು ಎಂದರೆ ಎಂ.ಎಸ್ಸಿ. ಒಂದೇ ಎಂದು ಯಾಕೆ ಯೋಚಿಸುತ್ತಿದ್ದೀರಿ? ನಾನು ಬಿ.ಎಸ್ಸಿ. ಆದ ಮೇಲೆ ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದೆ. ಮಂಗಳೂರಿನಲ್ಲಿ ರೋಶನಿ ನಿಲಯ 1960ರಿಂದ ಸಮಾಜಕಾರ್ಯ ಶಿಕ್ಷಣ ಕೊಡುತ್ತಿದೆ, ಬೇರೆ ಕಾಲೇಜುಗಳಲ್ಲೂ ಈ ಕೋರ್ಸ್ ಇದೆ. ಕಸ ವಿಂಗಡಣೆ ಯಂತ್ರದ ಸಮಸ್ಯೆಗಿಂತ ಹೆಚ್ಚಾಗಿ ಅಭ್ಯಾಸದ ಸಮಸ್ಯೆ. ಅಪಾರ್ಟ್‌ಮೆಂಟಿನ ಸಂಘದವರನ್ನು, ಹೋಟೆಲ್ ಮಾಲೀಕರನ್ನು, ಮೀನು ಮಾರುಕಟ್ಟೆಯ ಹೆಂಗಸರನ್ನು ಒಪ್ಪಿಸಲು ಬೇಕಾದ ವಿದ್ಯೆ ಬೇರೆಯೇ. ಪಂಚಾಯತ್‌ಗಳಲ್ಲಿ ಸಂಜೀವಿನಿ ಎಂಬ ಸ್ವಸಹಾಯ ಗುಂಪುಗಳ ಒಕ್ಕೂಟದ ಮಹಿಳೆಯರು ಕಸ ಸಂಗ್ರಹಿಸುವ ವಾಹನವಾದ ಸ್ವಚ್ಛವಾಹಿನಿ ಓಡಿಸುತ್ತಾರೆ, ಘಟಕದಲ್ಲಿ ವಿಂಗಡಣೆ ಮಾಡುತ್ತಾರೆ. ಅವರಿಗೆ ಕೈಗವಸು, ಆರೋಗ್ಯ ತಪಾಸಣೆ, ಸಮಯಕ್ಕೆ ಸರಿಯಾಗಿ ಸಂಭಾವನೆ ಸಿಗುವಂತೆ ನೋಡಿಕೊಳ್ಳದೆ ಸುಸ್ಥಿರತೆಯ ಮಾತನಾಡುವುದಕ್ಕೆ ಅರ್ಥವಿಲ್ಲ.

ಕ್ಷೇತ್ರದಲ್ಲಿ ತುಳು ಬೇಕು, ಕುಂದಾಪುರದ ಕಡೆ ಹೋದರೆ ಅಲ್ಲಿಯ ಕನ್ನಡ ಅರ್ಥವಾಗಬೇಕು, ಕೆಲವು ವಾರ್ಡುಗಳಲ್ಲಿ ಬ್ಯಾರಿ, ಕೊಂಕಣಿ ತಿಳಿದವರಿದ್ದರೆ ಕೆಲಸ ಅರ್ಧ ಸುಲಭವಾಗುತ್ತದೆ. ಹೊರಗಿನಿಂದ ಬಂದ ಸಲಹೆಗಾರರು ಸಿದ್ಧಪಡಿಸಿದ ಒಳ್ಳೆಯ ಯೋಜನೆಗಳೂ ಮನೆ ಬಾಗಿಲಲ್ಲಿ ಸೋಲುವುದನ್ನು ಕಂಡಿದ್ದೇನೆ. ಊರಿನವರಾಗಿರುವುದು ನಿಮಗಿರುವ ದೊಡ್ಡ ಬಲ.

ಬೆಂಗಳೂರಿನಲ್ಲಿರುವ ಕುಂದಾಪುರಿಗ

ಊರಿನಲ್ಲೇ ಇರಬೇಕೆಂಬ ಹಟ ಬೇಡ ಎಂದು ನನ್ನ ಅಭಿಪ್ರಾಯ. 2023ರ ನವೆಂಬರಿನಲ್ಲಿ ಬೆಂಗಳೂರು ತನ್ನ ಹವಾಮಾನ ಕ್ರಿಯಾ ಯೋಜನೆಯನ್ನು ಪ್ರಕಟಿಸಿತು, ಆಮೇಲೆ ಪಾಲಿಕೆಯಲ್ಲಿ ಹವಾಮಾನ ಕೋಶ ರೂಪುಗೊಂಡು ಯುವಜನರಿಗೆ ಫೆಲೋಶಿಪ್ ಕೂಡ ಕೊಟ್ಟರು. ನೀವು ಹೇಳುವಂಥ ಕೆಲಸ ಆ ಹೆಸರಿನಲ್ಲೇ ನಡೆಯುತ್ತಿರುವುದು ಇಲ್ಲಿ. ಎರಡು ಮೂರು ವರ್ಷ ಇಲ್ಲಿ ಕಲಿತು ಊರಿಗೆ ಮರಳಿದರೆ ನಷ್ಟವೇನು?

ವಾಮಂಜೂರಿನ ಎಂಎಸ್‌ಡಬ್ಲ್ಯೂ

ಮರಳುವವರು ಬಹಳ ಕಡಿಮೆ, ಅದೇ ನಷ್ಟ. ಬೆಂಗಳೂರಿನಲ್ಲಿ ಕಲಿತ ಒಣ ಹವೆಯ ಗೊಬ್ಬರ ವಿಧಾನ ನಮ್ಮ ಜೂನ್ ತಿಂಗಳ ಮಳೆಗೆ ಹೊಂದುವುದೂ ಇಲ್ಲ. ಇಲ್ಲಿ ನಾಲ್ಕು ತಿಂಗಳು ಹಸಿಕಸದ ರಾಶಿ ಒದ್ದೆಯಾಗಿ, ಕೊಳೆತು, ಕಪ್ಪು ನೀರು ಬಿಡುತ್ತದೆ. ಮಾಡು (ಸೂರು) ಇರುವ ಜಾಗ, ಒಣ ಎಲೆ ಅಥವಾ ತೆಂಗಿನ ನಾರಿನ ಪುಡಿಯ ದಾಸ್ತಾನು ಮಳೆಗೆ ಮೊದಲೇ ಆಗಬೇಕು. ಅದನ್ನು ಇಲ್ಲಿಯ ಮಳೆಯಲ್ಲೇ ಕಲಿಯಬೇಕು.

ಬೆಂಗಳೂರಿನಲ್ಲಿರುವ ಕುಂದಾಪುರಿಗ

ಮಳೆಯ ವಿಷಯದಲ್ಲಿ ನಿಮ್ಮ ಮಾತು ಸರಿ. ಆದರೆ ದತ್ತಾಂಶ, ನಕ್ಷೆ, ಬಜೆಟ್ ವಿಶ್ಲೇಷಣೆಯ ಕೌಶಲಗಳು ಎಲ್ಲಿ ಕಲಿತರೂ ಕೆಲಸಕ್ಕೆ ಬರುತ್ತವೆ. ಅವನ್ನು ಕಲಿಸುವವರು ಊರಿನಲ್ಲಿ ಎಷ್ಟಿದ್ದಾರೆ?

ಹಿರಿಯಡ್ಕದ ಪದವೀಧರೆ

ಇಷ್ಟು ಜನ ಸಮಯ ಕೊಟ್ಟು ಬರೆದದ್ದಕ್ಕೆ ಎಲ್ಲರಿಗೂ ಕೃತಜ್ಞತೆಗಳು. ನಿರೀಕ್ಷಕ ಸರ್ ಹೇಳಿದ ಮೇಲೆ ಹುದ್ದೆಯ ಹೆಸರನ್ನು ಹುಡುಕುವುದನ್ನು ಬಿಟ್ಟಿದ್ದೇನೆ. ಪಿಡಿಒ ಪರೀಕ್ಷೆಗೆ ಓದುವುದೆಂದು ಮನಸ್ಸು ಮಾಡುತ್ತಿದ್ದೇನೆ. ಆದರೆ ಅಧಿಸೂಚನೆ ಬರುವವರೆಗೆ ಮನೆಯಲ್ಲಿ ಸುಮ್ಮನೆ ಕುಳಿತರೆ ಒತ್ತಡ ಹೆಚ್ಚಾಗುತ್ತದೆ. ಆ ಅವಧಿಯಲ್ಲಿ ಏನು ಮಾಡಿದರೆ ಒಳ್ಳೆಯದು? ಗುತ್ತಿಗೆಯ ಕೆಲಸದ ಬಗ್ಗೆ ಬರೆದ ಅಕ್ಕನ ಮಾತು ಓದಿ ಸ್ವಲ್ಪ ಭಯವೂ ಆಯಿತು.

ಗುತ್ತಿಗೆಯಲ್ಲಿದ್ದವಳು

ಭಯ ಬೇಡ, ಎಚ್ಚರ ಸಾಕು. ಹೊಸ ಪದವೀಧರರಿಗೆ ನಗರ ಸ್ಥಳೀಯ ಸಂಸ್ಥೆಗಳಲ್ಲಿ ಇಂಟರ್ನ್‌ಶಿಪ್ ಕೊಡುವ ಟುಲಿಪ್ ಎಂಬ ಕಾರ್ಯಕ್ರಮವನ್ನು ಕೇಂದ್ರ ಸರ್ಕಾರ 2020ರಲ್ಲಿ ಆರಂಭಿಸಿತು. ಅದರ ಜಾಲತಾಣದಲ್ಲಿ ನಮ್ಮ ಜಿಲ್ಲೆಗಳ ಅವಕಾಶವಿದೆಯೇ ನೋಡುತ್ತಿರಿ. ಇಲ್ಲದಿದ್ದರೆ ನಿಮ್ಮ ಇಂದ್ರಾಣಿ ವರದಿಯ ಎರಡು ಪುಟದ ಕನ್ನಡ ಸಾರಾಂಶ ಮಾಡಿ, ಪೌರಾಯುಕ್ತರಿಗೆ ಮನವಿ ಬರೆದು, ಪರಿಸರ ಅಭಿಯಂತರರ ಕೈಕೆಳಗೆ ಕೆಲವು ತಿಂಗಳು ಕಲಿಯಲು ಅವಕಾಶ ಕೇಳಿ. ಅರ್ಜಿಯನ್ನು ತಪಾಲು ವಿಭಾಗದಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಬಾಯಿಮಾತಿನಲ್ಲಿ ಕೇಳಿದ್ದು ಉಳಿಯುವುದಿಲ್ಲ.

ನಿವೃತ್ತ ಆರೋಗ್ಯ ನಿರೀಕ್ಷಕ

ಅದರ ಜೊತೆಗೆ ನಗರಸಭೆಯ ಆಯವ್ಯಯ ಪುಸ್ತಕವನ್ನು ಸಂಪಾದಿಸಿ ಓದಿ. ಕಸ ಸಾಗಣೆಗೆ ಎಷ್ಟು, ಸಂಸ್ಕರಣೆಗೆ ಎಷ್ಟು ಎಂದು ಎರಡು ಸಾಲುಗಳನ್ನು ಹೋಲಿಸಿ ನೋಡಿದರೆ ಊರಿನ ಆದ್ಯತೆ ಏನೆಂದು ತಿಳಿಯುತ್ತದೆ. ವಾರ್ಡ್ ಸಮಿತಿ ಸಭೆಗೂ ಗ್ರಾಮಸಭೆಗೂ ಹೋಗಿ ಕುಳಿತುಕೊಳ್ಳಿ. ಅಲ್ಲಿ ಸಿಟ್ಟಿನಿಂದ ಮಾತನಾಡುವವರ ಮಾತಿನಲ್ಲೂ ವಿಷಯವಿರುತ್ತದೆ, ಅದನ್ನು ಟಿಪ್ಪಣಿ ಮಾಡಿಕೊಳ್ಳಿ.

ಸುರತ್ಕಲ್ ಎಂ.ಟೆಕ್.

ಕುಂದಾಪುರಿಗರು ಹೇಳಿದ ನಕ್ಷೆಯ ಕೌಶಲಕ್ಕೆ ಬೆಂಗಳೂರಿಗೇ ಹೋಗಬೇಕಾಗಿಲ್ಲ. ಕ್ಯೂಜಿಐಎಸ್ ಎಂಬ ತಂತ್ರಾಂಶ ಉಚಿತ. ನಿಮ್ಮ ಪಂಚಾಯತಿನ ಬಾವಿ, ಗುಂಡಿ, ತೋಡುಗಳನ್ನು ನಕ್ಷೆಯ ಮೇಲೆ ಗುರುತಿಸುವುದರಿಂದಲೇ ಆರಂಭಿಸಬಹುದು. ಎಂ.ಎಸ್ಸಿ. ಬಗ್ಗೆ ನನ್ನ ನಿಲುವು ಬದಲಾಗಿಲ್ಲ. ಮಂಡಳಿಯ ಪ್ರಯೋಗಾಲಯ ಅಥವಾ ಅಧ್ಯಾಪನ ಗುರಿಯಾಗಿದ್ದರೆ ಮಾಡಿ, ಪಿಡಿಒ ಗುರಿಯಾಗಿದ್ದರೆ ಅದಕ್ಕಾಗಿ ಕಾಯುವ ಅಗತ್ಯವಿಲ್ಲ.

ಬ್ರಹ್ಮಾವರದ ಅಂಚೆ

ಬ್ಯಾಂಕ್ ಪರೀಕ್ಷೆಯನ್ನೂ ಜೊತೆಗೆ ಬರೆಯಬಹುದಲ್ಲ? ಸರ್ಕಾರಿ ನೇಮಕಾತಿ ಪ್ರಕಟವಾಗಿ, ಪರೀಕ್ಷೆ ಮುಂದಕ್ಕೆ ಹೋಗಿ, ಫಲಿತಾಂಶ ನ್ಯಾಯಾಲಯಕ್ಕೆ ಹೋಗಿ ವರ್ಷಗಳು ಉರುಳುವುದನ್ನು ನಾವೆಲ್ಲ ನೋಡಿದ್ದೇವೆ. ಮನೆಯವರ ಚಿಂತೆಯನ್ನು ತಳ್ಳಿಹಾಕಬೇಡಿ.

ವಾಮಂಜೂರಿನ ಎಂಎಸ್‌ಡಬ್ಲ್ಯೂ

ಈ ಬಾರಿ ಅಂಚೆಯವರ ಮಾತಿಗೆ ನನ್ನ ಒಪ್ಪಿಗೆಯಿದೆ. ಮುಖ್ಯಾಧಿಕಾರಿ, ಸಮುದಾಯ ಸಂಘಟನಾಧಿಕಾರಿ ಹುದ್ದೆಗಳ ಅಧಿಸೂಚನೆಗಳನ್ನೂ ಗಮನಿಸುತ್ತಿರಿ. ಒಂದೇ ಬಾಗಿಲ ಮುಂದೆ ನಿಂತು ಕಾಯಬೇಡಿ.

ಕಾರ್ಕಳ ಕಡೆಯ ಪಿಡಿಒ

ಕೊನೆಗೆ ಕಾಗದಪತ್ರಗಳ ಬಗ್ಗೆ ಒಂದು ಮಾತು. ಓದು ಚೆನ್ನಾಗಿದ್ದೂ ಇದರಲ್ಲಿ ಸೋಲುವವರು ಅನೇಕರು. ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಗ್ರಾಮೀಣ ಮೀಸಲಾತಿ ಇದೆ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಪ್ರತ್ಯೇಕ ಮೀಸಲಾತಿ ಇದೆ. ಎರಡಕ್ಕೂ ನಿಗದಿತ ನಮೂನೆಯಲ್ಲೇ ಪ್ರಮಾಣಪತ್ರ ಬೇಕು, ಗ್ರಾಮೀಣ ಪ್ರಮಾಣಪತ್ರಕ್ಕೆ ಮುಖ್ಯೋಪಾಧ್ಯಾಯರ ಸಹಿಯ ಜೊತೆಗೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿಯೂ ಬೇಕಾಗುತ್ತದೆ. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳು ಅರ್ಜಿಯ ಕೊನೆಯ ದಿನಾಂಕದಂದು ಚಾಲ್ತಿಯಲ್ಲಿರಬೇಕು. ಕಡ್ಡಾಯ ಕನ್ನಡ ಪರೀಕ್ಷೆಯಲ್ಲಿ 150ಕ್ಕೆ 50 ಅಂಕ ಪಡೆಯಲೇಬೇಕು, ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಹಿರಿಯಡ್ಕದ ಪದವೀಧರೆ

ಸರ್, ನಾನು ಹತ್ತನೆಯವರೆಗೂ ಊರಿನ ಸರ್ಕಾರಿ ಕನ್ನಡ ಶಾಲೆಗಳಲ್ಲೇ ಓದಿದವಳು. ಪ್ರಾಥಮಿಕ ಶಾಲೆ ಒಂದು ಕಡೆ, ಪ್ರೌಢಶಾಲೆ ಇನ್ನೊಂದು ಕಡೆ. ಎರಡೂ ಶಾಲೆಗಳಿಂದ ಬೇರೆ ಬೇರೆ ಪತ್ರ ತರಬೇಕೇ?

ಕಾರ್ಕಳ ಕಡೆಯ ಪಿಡಿಒ

ಹೌದು, ಓದಿದ ಪ್ರತಿ ಶಾಲೆಯಿಂದಲೂ ತರಬೇಕು. ಈ ವಾರವೇ ಎರಡೂ ಶಾಲೆಗಳಿಗೆ ಅರ್ಜಿ ಕೊಟ್ಟುಬಿಡಿ. ಅಧಿಸೂಚನೆ ಬಂದ ಮೇಲೆ ಎಲ್ಲರೂ ಒಟ್ಟಿಗೆ ಹೋಗುವುದರಿಂದ ಕ್ಷೇತ್ರ ಶಿಕ್ಷಣಾಧಿಕಾರಿಯವರ ಕಚೇರಿಯಲ್ಲಿ ಸಹಿಗೆ ಬಹಳ ದಿನ ಕಾಯಬೇಕಾಗುತ್ತದೆ.